ನಮಗಿಂತ ಮೊದಲು ಹೊರಟ ಬ್ಯಾಗು

ನಮ್ಮ ಮನೆಯಲ್ಲಿ ಒಂದು ಕೆಲಸ ಅಂದುಕೊಂಡ ಹಾಗೇ ನಡೆದುಬಿಟ್ಟರೆ ನಮಗೇ ಅನುಮಾನ ಬರುತ್ತದೆ. ಹಾಲು ಉಕ್ಕದೆ ಕಾದರೆ ಗ್ಯಾಸ್ ಖಾಲಿಯಾಯಿತೇನೋ ಎಂದು ಸಿಲಿಂಡರ್ ಅಲ್ಲಾಡಿಸಿ ನೋಡುವ ಜನ ನಾವು. ಅಂಥವರು ಒಂದು ಪ್ರವಾಸಕ್ಕೆ ಕೈ ಹಾಕಿದೆವು.

ನನ್ನ ತವರು ಮೊಳಕಾಲ್ಮೂರು, ಸೇರಿದ ಮನೆ ಚಳ್ಳಕೆರೆ. ನಮ್ಮ ಯಜಮಾನರದು ಶೇಂಗಾ ಎಣ್ಣೆ ವ್ಯಾಪಾರ. ನಾನು ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟುಕೊಂಡು ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತೇನೆ. ಮಕ್ಕಳಿಬ್ಬರೂ ಹಾಸ್ಟೆಲ್ ಸೇರುವಷ್ಟು ದೊಡ್ಡವರಾದರೂ ನಾವು ಗಂಡ ಹೆಂಡತಿ ಇಬ್ಬರೇ ಒಂದು ಊರಿಗೆ ಹೋದವರಲ್ಲ. ಹೊಸದಾಗಿ ಮದುವೆಯಾದಾಗ ಹೋದ ಹನಿಮೂನಿಗೆ ಅತ್ತೆ, ಮೈದುನ, ದೂರದ ಇಬ್ಬರು ಸೋದರತ್ತೆಯರೂ ಬಂದಿದ್ದರು. ಆ ಫೋಟೋಗಳಲ್ಲಿ ನನ್ನ ಗಂಡ ಯಾರೆಂದು ಬೆರಳಿಟ್ಟು ತೋರಿಸಬೇಕು.

ಹಾಗಾಗಿ ಶುಕ್ರವಾರ ಹಬ್ಬದ ರಜೆ ಬಂದು, ಅದಕ್ಕೆ ಶನಿವಾರ ಭಾನುವಾರ ಅಂಟಿಕೊಂಡಾಗ ನಾನು ಹಟ ಹಿಡಿದೆ. ಹಿರಿಯೂರಿನ ಆಚೆ, ಹಿನ್ನೀರಿನ ದಂಡೆಯಲ್ಲಿ ಮರದ ಪುಟ್ಟ ಮನೆಗಳನ್ನು ಬಾಡಿಗೆಗೆ ಕೊಡುತ್ತಾರಂತೆ. ಬಾಗಿಲು ತೆಗೆದರೆ ಎದುರಿಗೇ ನೀರು. ಮೂರು ದಿನ, ನಾವಿಬ್ಬರೇ, ಅಷ್ಟೇ ನನ್ನ ಆಸೆ. ಯಜಮಾನರು "ಆಯ್ತು ಬಿಡು" ಎಂದರು. ಅಲ್ಲಿಂದ ಶುರುವಾಯಿತು.

ಮೊದಲ ಫೋನು

ಕಾಟೇಜಿನವರಿಗೆ ಯಜಮಾನರೇ ಫೋನ್ ಮಾಡಿದರು. ಅವರಿಗೆ ಫೋನನ್ನು ಕಿವಿಗಿಟ್ಟು ಮಾತಾಡುವುದು ಗೊತ್ತಿಲ್ಲ. ಸ್ಪೀಕರ್ ಹಾಕಿ, ಅಂಗೈ ಮೇಲಿಟ್ಟುಕೊಂಡು, ಮಂಡಿಯಲ್ಲಿ ಹರಾಜು ಕೂಗುವ ದನಿಯಲ್ಲಿ ಮಾತಾಡುತ್ತಾರೆ. ಆ ಕಡೆಯ ಹುಡುಗ ಬಹಳ ನಯವಾಗಿ, "ಸರ್, ನಮ್ಮ ಕಾಟೇಜುಗಳೆಲ್ಲ ನೀರಿನ ಪಕ್ಕದಲ್ಲೇ ಇವೆ" ಎಂದ.

ನೀರು ಎಂದ ಕೂಡಲೇ ಯಜಮಾನರು ಎದ್ದು ಕೂತರು. "ಅಲ್ರಿ, ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತೀರಿ?"

ಹುಡುಗನಿಗೆ ಅರ್ಥವಾಗಲಿಲ್ಲ. "ಸರ್, ಅದು ಡ್ಯಾಮಿನ ಹಿನ್ನೀರು. ಯಾವಾಗ್ಲೂ ಇರುತ್ತೆ."

"ಡ್ಯಾಮ್‌ನಾಗೆ ಇರ್ಲಿ ರೀ, ಅದು ಯಾರು ಬ್ಯಾಡ ಅಂದ್ರು? ನಲ್ಯಾಗೆ ಯಾವಾಗ ಬರ್ತೈತೆ? ಬೆಳಗ್ಗೆನೋ, ಮಧ್ಯಾಹ್ನಾನೋ? ನಾವು ಎದ್ದು ಹಿಡಕೋಬೇಕಲ್ಲ?"

"ಸರ್, ಇಪ್ಪತ್ನಾಲ್ಕು ಗಂಟೆನೂ ಬರುತ್ತೆ."

ಯಜಮಾನರು ಫೋನಿಗೆ ಅಂಗೈ ಅಡ್ಡ ಇಟ್ಟು ನನ್ನ ಕಡೆ ತಿರುಗಿದರು. "ಬ್ಯಾಡ ಬಿಡೇ. ಈ ನನ್ ಮಗ ಸುಳ್ಳು ಹೇಳ್ತಾನೆ."

ಅಂಗಡಿಗೆ ರಜ

ಹೇಗೋ ಒಪ್ಪಿಸಿ ಕಾಟೇಜು ಗೊತ್ತುಮಾಡಿದೆ. ಅಂಗಡಿಯ ಬಾಗಿಲಿಗೆ 'ಶುಕ್ರವಾರದಿಂದ ಮೂರು ದಿನ ಅಂಗಡಿ ಇರುವುದಿಲ್ಲ' ಎಂದು ಒಂದು ರಟ್ಟು ನೇತು ಹಾಕಿದೆ. ನಮ್ಮ ಬೀದಿಯಲ್ಲಿ ಅಂಗಡಿ ಮೂರು ದಿನ ಮುಚ್ಚುವುದು ಮನೆಯಲ್ಲಿ ಸಾವಾದರೆ ಮಾತ್ರ ಎಂಬುದು ನನಗೆ ಹೊಳೆಯಲೇ ಇಲ್ಲ.

ಸಂಜೆ ತಳಕಿನಿಂದ ಬರುವ ನನ್ನ ಹಳೇ ಗಿರಾಕಿ ಬಂದಳು. ರಟ್ಟು ಓದಿ, ಚಪ್ಪಲಿ ಬಿಟ್ಟು, ಸೆರಗು ಬಾಯಿಗೆ ಹಿಡಿದು ಒಳಗೆ ಬಂದು ಕೂತಳು. "ಯಾರಿಗೆ ಏನಾತವ್ವ?"

"ಯಾರಿಗೂ ಏನೂ ಆಗಿಲ್ಲ. ನಾನೂ ನಮ್ಮೆಜಮಾನ್ರೂ ಸುಮ್ನೆ ಕೆರೆ ಕಡೆಗೆ ಹೋಗ್ತಾ ಇದೀವಿ."

"ಗಂಡ ಹೆಂಡ್ತಿ ಇಬ್ರೇನಾ?"

"ಇಬ್ರೇ."

"ಏನು ಕೆಲ್ಸಕ್ಕೆ?"

"ಕೆಲ್ಸ ಏನಿಲ್ಲ. ಎಲ್ಲಾ ಸಾಕಾಗೈತೆ. ಅದಕ್ಕೇ."

ಅವಳು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ಕಷ್ಟ ಯಾರಿಗಿಲ್ಲ ಹೇಳವ್ವ? ಮಕ್ಕಳ ಮುಖ ನೋಡಾದ್ರೂ ತಡಕೋ. ಬೇಕಾದ್ರೆ ನನ್ನ ಸೀರೆ ಕುಚ್ಚು ನಿಧಾನಕ್ಕೆ ಮಾಡಿಕೊಡು, ನಾನೇನೂ ಅವಸರ ಮಾಡಲ್ಲ."

ಬೇಜಾರಾಗಬಾರದು ಅಂತ

ಅಲ್ಲಿಂದ ಸುದ್ದಿ ಊರಿಡೀ ಹೋಯಿತು. ಅತ್ತೆಗೆ ಮೊದಲೇ ಸ್ಪೀಕರಿನಲ್ಲಿ ಎಲ್ಲ ಕೇಳಿಸಿತ್ತು. ಅವರು ನಮ್ಮನ್ನು ತಡೆಯಲಿಲ್ಲ, ಬೈಯಲೂ ಇಲ್ಲ. ನಾಲ್ಕು ಸಲ ನಿಟ್ಟುಸಿರು ಬಿಟ್ಟು, "ನೀವಿಬ್ರೇ ಅಲ್ಲಿ ಏನು ಮಾತಾಡ್ತೀರಿ? ಬೇಜಾರಾಗಲ್ವಾ?" ಎಂದರು. ಅವರ ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಚಿಂತೆ ಇತ್ತು.

ನಮಗೆ ಬೇಜಾರಾಗಬಾರದು ಎಂದು ಅತ್ತೆ ಹೊರಟರು. ಅತ್ತೆಗೆ ಬೇಜಾರಾಗಬಾರದು ಎಂದು ಮೈದುನನ ಸಂಸಾರ ಕಾರು ತೆಗೆಯಿತು. ಅವನ ಹೆಂಡತಿಗೆ ಬೇಜಾರಾಗಬಾರದು ಎಂದು ಅವಳ ತಂಗಿಯರು ಸೇರಿಕೊಂಡರು. ಮೈದುನ ಒಂದು ಟೆಂಪೋ ಗೊತ್ತುಮಾಡಿ, ಕಾಟೇಜಿನವರಿಗೆ ಫೋನ್ ಮಾಡಿ, ಅಲ್ಲಿ ಉಳಿದಿದ್ದ ಮರದ ಮನೆಗಳನ್ನೆಲ್ಲ ಹಿಡಿದುಬಿಟ್ಟ.

ನಾನು ಅಳುವ ದನಿಯಲ್ಲಿ ಮೊಳಕಾಲ್ಮೂರಿನ ನನ್ನ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ತವರಿನವರಾದರೂ ನನ್ನ ಕಷ್ಟ ತಿಳಿದುಕೊಳ್ಳುತ್ತಾರೆ ಎಂಬ ಆಸೆ. ನಮ್ಮ ಚಿಕ್ಕಮ್ಮನಿಗೆ ಆಶ್ಚರ್ಯವಾದರೆ ತೆಲುಗು ಬರುತ್ತದೆ, ಸಿಟ್ಟು ಬಂದರೆ ಕನ್ನಡ. "ಅಟ್ಲಾನಾ!", ಅಂದರೆ ಹೌದಾ, ಎನ್ನುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕನ್ನಡಕ್ಕೆ ಬಂದಳು.

"ನಿಮ್ಮಿಬ್ರನ್ನ ಬಿಡದಂಗೆ ಅಷ್ಟೊಂದು ಜನ ಬರ್ತಾವ್ರಾ? ಬುದ್ಧಿ ಬ್ಯಾಡ್ವಾ ಅವರಿಗೆ? ನೀನೇನೂ ಹೆದರಬ್ಯಾಡ. ನಾಳೆ ಬೆಳಗ್ಗೆ ಬಸ್ಸಿಗೆ ಬರ್ತೀನಿ, ನಿನ್ನ ಕಡೆಯವರೂ ಒಬ್ರು ಇರ್ಲಿ."

ನೈರುತ್ಯ

ಮಂಗಳವಾರ ಅತ್ತೆ ಹೊಸ ಪ್ರಶ್ನೆ ಎತ್ತಿದರು. "ಆ ಕೆರೆ ನಮ್ಮೂರಿಂದ ಯಾವ ದಿಕ್ಕಿಗೈತೆ?"

ಯಜಮಾನರು ಫೋನಿನಲ್ಲಿ ಮ್ಯಾಪು ತೆಗೆದು ಅಡ್ಡ ಹಿಡಿದು, ಉದ್ದ ಹಿಡಿದು, ಕೊನೆಗೆ ತಾವೇ ತಿರುಗಿ ನಿಂತು, "ದಕ್ಷಿಣಕ್ಕೆ ಹೋಗಿ ಸ್ವಲ್ಪ ಪಶ್ಚಿಮಕ್ಕೆ ಹೊಳ್ಳಬೇಕು" ಎಂದರು.

ಅತ್ತೆ ಎದೆಗೆ ಕೈ ಇಟ್ಟುಕೊಂಡರು. ಗುರುವಾರ ದಕ್ಷಿಣಕ್ಕೆ ಶೂಲ. ಶುಕ್ರವಾರ ಪಶ್ಚಿಮಕ್ಕೆ ಶೂಲ. ಅಂದರೆ ಆ ದಿನ ಆ ದಿಕ್ಕಿಗೆ ಪಯಣ ಹೊರಡುವಂತಿಲ್ಲ. ನಾನು ಎರಡೂ ದಿನ ಕೆಡುವಂಥ ದಿಕ್ಕಿನಲ್ಲಿರುವ ಕೆರೆಯನ್ನೇ ಹುಡುಕಿದ್ದೆ.

ಅದಕ್ಕೂ ಹಿರಿಯರು ದಾರಿ ಮಾಡಿದ್ದಾರೆ. ಒಳ್ಳೆಯ ದಿನ ನೋಡಿ, ಹೊರಡುವವರ ಬ್ಯಾಗನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪಯಣ ಹೊರಟ ಹಾಗೇ ಲೆಕ್ಕ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಆಮೇಲೆ ನಾವು ಯಾವಾಗ ಕಾಲು ಹೊರಗಿಟ್ಟರೂ ಶೂಲ ತಟ್ಟುವುದಿಲ್ಲ. ಆದರೆ ಒಮ್ಮೆ ಹೋದ ಬ್ಯಾಗು ಪ್ರವಾಸ ಮುಗಿಯುವ ತನಕ ಹೊಸ್ತಿಲು ದಾಟಿ ಒಳಗೆ ಬರಬಾರದು.

"ಬುಧವಾರ ಚಲೋ ಐತೆ. ನಿಮ್ಮ ಬ್ಯಾಗು ಎದುರು ಮನೆಗೆ ಕಳಿಸ್ರಿ" ಎಂದರು ಅತ್ತೆ.

"ನಿಮ್ದೆಲ್ಲ ಬ್ಯಾಡ್ವಾ ಅತ್ತೆ?"

"ಹೊರಡೋರು ನೀವು. ನಾವು ನಿಮ್ಮ ಹಿಂದೆ ಬರೋರು, ನಮಗೇನು ಶೂಲ?"

ಎದುರು ಮನೆಯಲ್ಲಿ ಬಾಡಿಗೆಗಿರುವವರು ಕುದಾಪುರದ ಕಡೆ ಸಂಶೋಧನೆ ಕೆಲಸಕ್ಕೆ ಹೋಗುವ ಒಬ್ಬ ಸರ್. ಒಂಟಿ ಮನುಷ್ಯ, ಯಾರು ಏನು ಹೇಳಿದರೂ ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ. ಬುಧವಾರ ಅತ್ತೆಯೇ ಬ್ಯಾಗಿಗೆ ಕುಂಕುಮ ಇಟ್ಟು, ಬೀದಿ ದಾಟಿ, ಅವರ ಮುಂದಿನ ಕೋಣೆಯಲ್ಲಿ ಇಟ್ಟು, "ಇವ್ರು ಈಗ ಹೊರಟ್ರು" ಎಂದು ಘೋಷಿಸಿದರು.

ಸರ್ ಬಾಗಿಲಲ್ಲಿ ನಿಂತಿದ್ದ ನಮ್ಮಿಬ್ಬರನ್ನೂ ನೋಡಿದರು, ಬ್ಯಾಗನ್ನೂ ನೋಡಿದರು. "ಒಳ್ಳೇದಾಯ್ತಮ್ಮ. ತಲುಪಿದ ಮೇಲೆ ಫೋನ್ ಮಾಡಿ" ಎಂದು ನಮಗೆ ಕೈ ಮುಗಿದರು.

ಗುರುವಾರ

ಬೆಳಗ್ಗೆ ಎದ್ದರೆ ಯಜಮಾನರ ಬ್ರಶ್ಶು, ಬಿ.ಪಿ. ಮಾತ್ರೆ, ನನ್ನ ಬಾಚಣಿಗೆ ಎಲ್ಲ ಆ ಬ್ಯಾಗಿನಲ್ಲಿ. ತರೋಣ ಎಂದರೆ ಅತ್ತೆ ಹೊಸ್ತಿಲ ಮೇಲೇ ಕೂತು ಅಕ್ಕಿ ಆರಿಸುತ್ತಿದ್ದಾರೆ. "ಒಂದು ವಸ್ತೂನೂ ವಾಪಸ್ ಬರಂಗಿಲ್ಲ. ಬೇಕಾದ್ರೆ ಅಲ್ಲಿಗೇ ಹೋಗಿ ಉಜ್ಜಿಕೊಂಡು ಬಾ."

ಊರಿನಲ್ಲಿ ಸಾಹುಕಾರರು ಎನಿಸಿಕೊಂಡ ನನ್ನ ಗಂಡ ಬನಿಯನ್ನಿನಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೀದಿ ದಾಟಿ ಹಲ್ಲುಜ್ಜಲು ಹೋದರು. ತಿರುಗಿ ಬಂದು, ಮಾತ್ರೆ ನುಂಗಲು ಮತ್ತೆ ಹೋದರು. ದಾರಿಯಲ್ಲಿ ಸ್ನೇಹಿತನೊಬ್ಬ ಬೈಕು ನಿಲ್ಲಿಸಿ, "ಏನ್ಲೇ, ಮನೆಯಿಂದ ಹೊರಗೆ ಹಾಕಿದ್ರೇನ್ಲೇ?" ಎಂದು ಕೇಳಿದ್ದಕ್ಕೆ ನಮ್ಮವರು ಬಹಳ ಘನತೆಯಿಂದ, "ನಾನು ಊರಾಗಿಲ್ಲ ಕಣ್ಲೇ. ನಿನ್ನೇನೇ ಹೊರಟೀನಿ" ಎಂದರಂತೆ.

ಅಡುಗೆಮನೆಯಲ್ಲಿ ಅಷ್ಟೂ ಜನರ ಬುತ್ತಿಗೆ ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಿಕ್ಕಮ್ಮ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು. ಅಲ್ಲಿ ಊಟ ಕಾಟೇಜಿನವರೇ ಕೊಡುತ್ತಾರೆ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಬೆಳಕಿದ್ದಾಗ ಕೂತವಳಿಗೆ ಕತ್ತಲಾಗುವಷ್ಟರಲ್ಲಿ ಸೊಂಟ ಹಿಡಿದು, ತಲೆ ಕೆಟ್ಟು, ಹಿಟ್ಟಿನ ಕೈ ಕೊಡವಿ ಎದ್ದೆ.

"ಅತ್ತೆ, ನಾನು ಬುಧವಾರವೇ ಹೊರಟು ಆಯ್ತಲ್ಲ? ಇನ್ನು ಈ ರೊಟ್ಟಿ ನಾನ್ಯಾಕೆ ಬಡೀಬೇಕು?"

ಅತ್ತೆ ತಲೆ ಎತ್ತದೆ ಹೇಳಿದರು. "ಬ್ಯಾಗು ಹೋಗೈತೆ. ಕೈ ಇಲ್ಲೇ ಐತಲ್ಲ."

ಶುಕ್ರವಾರ

ಬೆಳಗ್ಗೆ ಟೆಂಪೋ ಬಂತು, ಹಿಂದೆ ಮೈದುನನ ಕಾರು. ನನ್ನ ಮುಖದಲ್ಲಿ ಹಬ್ಬದ ಕಳೆ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮೂರು ದಿನವೂ ಇದೇ ಜನ, ಇದೇ ರೊಟ್ಟಿ, ನೀರೊಂದು ಎದುರಿಗೆ. ಎದುರು ಮನೆಯ ಸರ್ ನಮ್ಮ ಬ್ಯಾಗನ್ನು ತಾವೇ ಎತ್ತಿ ತಂದು ಟೆಂಪೋದ ಮುಂದಿನ ಸೀಟಿನಲ್ಲಿ ಇಟ್ಟರು. ನಾನು ಹಿತ್ತಿಲ ಬಾಗಿಲಿಗೆ ಬೀಗ ಹಾಕಲು ಒಳಗೆ ಹೋದೆ.

ಆಗ ಹಿತ್ತಿಲಿನಲ್ಲಿ ಬುಸ್ ಎಂದು ಗಾಳಿ ಬಿಟ್ಟು, ನಲ್ಲಿಯಲ್ಲಿ ನೀರು ಬಂತು.

ಬಾರದೆ ಎಷ್ಟೋ ದಿನವಾಗಿತ್ತು. ಅಷ್ಟು ದಿನದ ಮೇಲೆ ಬಂದ ನೀರಿಗೆ ಬೆನ್ನು ತಿರುಗಿಸಿ ಪ್ರವಾಸಕ್ಕೆ ಹೊರಡುವ ಹೆಂಗಸು ಚಳ್ಳಕೆರೆಯಲ್ಲಿ ಇನ್ನೂ ಹುಟ್ಟಿಲ್ಲ. "ನೀರು ಬಂತ್ರೀ!" ಎಂದು ಕೂಗಿದೆ. ಯಜಮಾನರು ಪ್ಯಾಂಟು ಮಡಚುತ್ತಾ ಓಡಿ ಬಂದರು. ನಾನು ನೆಲದ ಸಂಪಿನೊಳಕ್ಕೆ ಪೈಪು ಬಿಟ್ಟೆ, ಅವರು ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕಿದರು. ನಮ್ಮ ಮೋಟಾರಿನ ಸದ್ದಿಗೆ ಮನೆಯೊಳಗಿನವರ ಮಾತೇ ಕೇಳಿಸುವುದಿಲ್ಲ, ಇನ್ನು ಬೀದಿಯ ಹಾರನ್ ಎಲ್ಲಿ ಕೇಳಬೇಕು? ಡ್ರಮ್ಮು, ಕೊಡ, ಬಕೀಟು, ಕೊನೆಗೆ ಕುಕ್ಕರಿಗೂ ತುಂಬಿಸಿ ಹೊರಗೆ ಬಂದರೆ ಬೀದಿ ಖಾಲಿ.

ಆದದ್ದನ್ನು ಆಮೇಲೆ ಚಿಕ್ಕಮ್ಮ ಹೇಳಿದಳು. ಟೆಂಪೋದವನು ಕೇಳಿದನಂತೆ, "ಎಲ್ರೂ ಹತ್ತಿದ್ರಾ ಅಮ್ಮಾ? ಸಾಹುಕಾರ್ರು ಕಾಣ್ತಾ ಇಲ್ಲ?" ಕಾರಿನಲ್ಲಿರಬಹುದು ಎಂದರಂತೆ ಟೆಂಪೋದವರು. ಟೆಂಪೋದಲ್ಲಿರಬಹುದು ಎಂದುಕೊಂಡರಂತೆ ಕಾರಿನವರು. ಅತ್ತೆ ಮಾತ್ರ ಮುಂದಿನ ಸೀಟಿನ ಬ್ಯಾಗನ್ನು ತಟ್ಟಿ, "ಬ್ಯಾಗು ಐತಲ್ಲ, ಅವರು ಬಂದಂಗೇ. ನಡಿಯಪ್ಪ" ಎಂದು ತೀರ್ಪು ಕೊಟ್ಟರಂತೆ.

ಹಿರಿಯೂರು ದಾಟಿದ ಮೇಲೆ ಯಾರೋ ರೊಟ್ಟಿ ಕೇಳಿದ್ದಾರೆ. ರೊಟ್ಟಿಯ ಡಬ್ಬಿ ಇಲ್ಲೇ ಮನೆಯಲ್ಲಿ, ನನ್ನ ಹತ್ತಿರ ಇತ್ತು. ಆಗ ಅತ್ತೆಯ ಫೋನು ಬಂತು.

"ಎಲ್ಲಿದೀರಿ?"

"ಮನೇಲಿ, ಅತ್ತೆ."

"ಮನೇಲಿ ಹೆಂಗಿರ್ತೀರಿ? ಬುಧವಾರವೇ ಹೊರಟೀರಲ್ಲ?"

ಯಜಮಾನರು ಸ್ಪೀಕರ್ ಹಾಕಿ, "ಬೈಕಿನಾಗೆ ಬಂದುಬಿಡ್ತೀವಿ ಅವ್ವ" ಎನ್ನಲು ಬಾಯಿ ತೆರೆದಿದ್ದರು. ನಾನು ಅವರ ಕೈ ಹಿಡಿದು ಅದುಮಿದೆ. ಎಷ್ಟೋ ವರ್ಷಗಳಿಂದ ಆ ಮನೆಯ ನಿಯಮಗಳಿಗೆ ತಲೆ ಬಾಗಿಸಿದ್ದೆ. ಈ ಸಲ ಅವು ನನ್ನ ಕೆಲಸಕ್ಕೆ ಬಂದವು.

"ಬರಬೋದಿತ್ತು ಅತ್ತೆ. ಆದ್ರೆ ಹೊರಟಿದ್ದ ಬ್ಯಾಗು ನಿಮ್ಮ ಜೊತೆ ಹೋಯ್ತು. ಈಗ ನಾವು ಹೊಸದಾಗಿ ಹೊರಡಬೇಕು. ಇವತ್ತು ಶುಕ್ರವಾರ, ಶೂಲ."

ಅತ್ತೆ ಬಹಳ ಯೋಚಿಸಿ, "ಹೌದಲ್ಲೇ" ಎಂದರು. "ಹಂಗಾರೆ ಬರಬ್ಯಾಡ್ರಿ. ನಾಳೆ ಬಂದು ನಾಡಿದ್ದು ವಾಪಸ್ ಹೋಗೋಕೆ ಯಾತಕ್ಕೆ ಬರ್ತೀರಿ? ಅಲ್ಲೇ ಇರ್ರಿ."

ಫೋನು ಇಟ್ಟ ಮೇಲೆ ಮನೆ ಎಷ್ಟು ಸುಮ್ಮನಿತ್ತೆಂದರೆ, ಆ ಮನೆಯಲ್ಲಿ ಗೋಡೆ ಗಡಿಯಾರಕ್ಕೆ ಸದ್ದಿದೆ ಎಂದು ನನಗೆ ಅವತ್ತೇ ಗೊತ್ತಾಯಿತು. ಸಂಪು ತುಂಬಿ ಹಿತ್ತಿಲ ತುಂಬ ನೀರು ನಿಂತಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲು ನೀರಲ್ಲಿ ಬಿಟ್ಟು, ಅಷ್ಟೂ ಜನರ ರೊಟ್ಟಿಯನ್ನು ನಾವಿಬ್ಬರೇ ಎದುರಿಗಿಟ್ಟುಕೊಂಡು ಕೂತೆವು. ಅತ್ತೆಗಿದ್ದ ಚಿಂತೆ ಸುಳ್ಳಾಯಿತು. ಮಾತಿಗೆ ಬರವೇ ಬರಲಿಲ್ಲ. ನಮ್ಮವರು ಇಷ್ಟು ನಗಿಸುತ್ತಾರೆ ಎಂದು ನನಗೆ ಮದುವೆಯಲ್ಲೇ ಯಾರಾದರೂ ಹೇಳಬಾರದಿತ್ತೇ ಅನ್ನಿಸಿತು. ಅಷ್ಟು ಸಂತೋಷವಾಗಿದ್ದೆ.

ಸಂಜೆ ಮತ್ತೆ ಅತ್ತೆಯ ಫೋನು.

"ಊಟ ಆತೇನವ್ವ? ಇಲ್ಲಿ ನೀರು ನೋಡಾಕೆ ಎರಡು ಕಣ್ಣು ಸಾಲವು. ನಿಮಗೆ ಅಂತ ಗೊತ್ತು ಮಾಡಿದ್ದ ಮರದ ಮನೇನಾಗೆ ಯಾರನ್ನೂ ಮಲಗಿಸಿಲ್ಲ. ನಿಮ್ಮ ಚಿಕ್ಕಮ್ಮ ಅಲ್ಲೇ ಮಲಕ್ಕಂತೀನಿ ಅಂದ್ಲು, ನಾನೇ ಬಿಡ್ಲಿಲ್ಲ."

"ಯಾಕತ್ತೆ? ಖಾಲಿ ಇರೋದು ಯಾಕೆ, ಮಲಗ್ಲಿ ಬಿಡಿ."

"ಖಾಲಿ ಎಲ್ಲೈತೆ? ನಿಮ್ಮ ಬ್ಯಾಗು ಮಂಚದ ಮೇಲಿಟ್ಟು, ನೀರು ಕಾಣಂಗೆ ಕಿಟಕಿ ತೆಗ್ದು, ಬಾಗ್ಲು ಎಳ್ಕೊಂಡು ಬಂದೀನಿ. ಪಾಪ, ಗಂಡ ಹೆಂಡ್ತಿ ಇಬ್ರೇ ಇರ್ಬೇಕು ಅಂತ ಅಷ್ಟು ಆಸೆಪಟ್ಟಿದ್ರಿ, ಇರ್ರಿ ಅಂತ."