ಆಗಸ್ಟ್ ತಿಂಗಳ ಸರಾಸರಿ ಚಳಿ

ಎಕ್ಸೆಲ್ ಶೀಟಿನ ಒಂದೇ ಒಂದು ಸೆಲ್‌ನಲ್ಲಿ ಅಂಕಿಯ ಬದಲು 'ಎರರ್' ಎಂದು ಬಂತು. ದೊಬ್ರಿವೊಯೆಯ ಗ್ರಹಚಾರ ಕೆಡಲು ಅಷ್ಟು ಸಾಕಾಯಿತು.

ಮೊರಾವಾ ನದಿಯ ದಂಡೆಯಲ್ಲಿ ಮಣ್ಣಿನ ಕಮೋಡುಗಳನ್ನು ಭಟ್ಟಿಯಲ್ಲಿ ಸುಟ್ಟು ತಯಾರಿಸುವ ಕಾರ್ಖಾನೆ. ಅಲ್ಲಿ ಮಹಡಿಯ ಮೇಲಿನ ಆಫೀಸಿನಲ್ಲಿ ಅವನು ಗುಮಾಸ್ತ. ಕೆಳಗೆ ಭಟ್ಟಿಯ ಹಾಲ್‌ನಲ್ಲಿ ಆರು ಥರ್ಮಾಮೀಟರುಗಳು. ಅವುಗಳ ಸರಾಸರಿ ಮೂವತ್ತಾರು ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸಬೇಕು, ಹದಿನಾರಕ್ಕಿಂತ ಇಳಿದರೆ ಹೀಟರ್ ಹಾಕಬೇಕು. ಫ್ಯಾನಿನ ಕೆಳಗೆ ಕೂತವರು ಬರೆದ ನಿಯಮ. ಭಟ್ಟಿಯ ಬಾಯಿಗೇ ಇದ್ದ ಥರ್ಮಾಮೀಟರು ಅಂದು ಬೆಳಗ್ಗೆ ಸುಟ್ಟು ಸತ್ತಿತ್ತು. ಒಂದು ಸೆಲ್ ಕೆಟ್ಟದ್ದಕ್ಕೆ ಸರಾಸರಿಯೂ ಕೆಟ್ಟು ಕೂತಿತ್ತು.

ಅದೇ ಭಟ್ಟಿಯ ಬಾಯಿಂದ ಸುಟ್ಟ ಕಮೋಡು ಹೊರಗೆಳೆಯುತ್ತಿದ್ದವನು ದೊಬ್ರಿವೊಯೆಯ ಮಾವ ಸ್ವೆತೊಜಾರ್. ಅವನ ಹೃದಯ ಹಳೆಯ ಟ್ರ್ಯಾಕ್ಟರಿನ ಹಾಗೆ, ನಾಲ್ಕು ಸಲ ಕೆಮ್ಮಿ ಒಂದು ಸಲ ಹೊಡೆದುಕೊಳ್ಳುತ್ತಿತ್ತು. ಪಿಂಚಣಿ ಹತ್ತಿರ ಬಂತೆಂದು ರಜೆ ಮಾತ್ರ ಹಾಕುತ್ತಿರಲಿಲ್ಲ. "ಇವತ್ತು ಕೆಲಸ ನಿಲ್ಲಿಸಿ ಅಪ್ಪನ್ನ ಮನೆಗೆ ಕಳಿಸ್ಲಿಲ್ಲಾಂದ್ರೆ ನೀವೂ ಮನೆಗೆ ಬರ್ಬೇಡಿ" ಎಂದು ಹೆಂಡತಿ ಲ್ಯುಬಿಂಕಾ ಬಾಗಿಲಲ್ಲೇ ಹೇಳಿದ್ದಳು.

ದೊಬ್ರಿವೊಯೆ ಕೆಟ್ಟ ಸೆಲ್ಲನ್ನು ಅಳಿಸಿ ಖಾಲಿ ಬಿಟ್ಟ. ಖಾಲಿಯನ್ನು ಎಕ್ಸೆಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದ ಐದರ ಸರಾಸರಿ ಮೂವತ್ತೆಂಟು ಚಿಲ್ಲರೆ. ಕೆಲಸ ಬಂದ್! ಸೈರನ್ ಗುಂಡಿಗೆ ಕೈ ಚಾಚುವಷ್ಟರಲ್ಲಿ ಹಿಂದೆ ಮ್ಯಾನೇಜರ್ ಗ್ವೊಜ್ದೆನ್ ನಿಂತಿದ್ದ.

"ಏನಯ್ಯಾ ಇದು, ಖಾಲಿ?"

"ಥರ್ಮಾಮೀಟರ್ ಸತ್ತೋಗಿದೆ ಸಾರ್."

"ಖಾಲಿ ಅಂದ್ರೆ ಸೊನ್ನೆ ತಾನೆ? ಜೇಬು ಖಾಲಿ ಇದ್ರೆ ಎಷ್ಟಿದೆ ಅಂತೀಯ?"

"ಜೇಬಿದ್ರೆ ಸೊನ್ನೆ ಸಾರ್. ಇಲ್ಲಿ ಜೇಬೇ ಕಿತ್ತೋಗಿದೆ."

"ನಿನ್ ಕೆಲಸಾನೂ ಕಿತ್ತೋಗುತ್ತೆ. ಎರರ್ ಇರ್ಲಿ, ಖಾಲಿ ಇರ್ಲಿ, ಸೊನ್ನೆ ಬೀಳೋ ಹಾಗೆ ಫಾರ್ಮುಲಾ ಹಾಕು."

ಹಾಕಿದ. ಸರಾಸರಿ ಮೂವತ್ತೆರಡಕ್ಕೆ ಇಳಿಯಿತು. ಕಾಫಿ ತಂದ ದೆಸಾಂಕಾ ಇಣುಕಿ ನೋಡಿದಳು. "ಒಂದು ಸೊನ್ನೆಗೆ ಇಷ್ಟು ತಂಪಾ? ನಮ್ಮ ಮನೆಗೂ ಎರಡು ಬರ್ಕೊಡು ಮಾರಾಯ!"

ಮಧ್ಯಾಹ್ನ ಹಾಲ್ ಕುದಿಯತೊಡಗಿತು. ಇನ್ನೆರಡು ಥರ್ಮಾಮೀಟರು ಸತ್ತವು. ಉಳಿದ ಮೂರು ನಲವತ್ತು ದಾಟಿ ಬೊಬ್ಬೆ ಹೊಡೆಯುತ್ತಿದ್ದರೂ ಸರಾಸರಿ ಇಪ್ಪತ್ತೊಂದು! ಕೆಳಗೆ ಸೆಕೆ ಏರಿದಷ್ಟೂ ಮೇಲೆ ಶೀಟು ತಣ್ಣಗಾಗುತ್ತಿತ್ತು. ಮತ್ತೊಂದು ಸತ್ತಿತು. ಹದಿನೈದು.

ಅದೇ ಶೀಟನ್ನು ಅಲ್ಲಿಂದಲೇ ನೋಡುತ್ತಿದ್ದ ಬೆಲ್‌ಗ್ರೇಡಿನ ಮುಖ್ಯ ಕಚೇರಿಯಿಂದ ಫೋನು ಬಂತು. "ಕೆಲಸಗಾರರನ್ನ ಚಳೀಲಿ ಸಾಯಿಸ್ತೀರೇನ್ರೀ? ಹೀಟರ್ ಹಾಕ್ಸಿ ಮೊದ್ಲು!"

ಗ್ವೊಜ್ದೆನ್ ಮೇಲಿನವರಿಗೆ ಎದುರಾಡಿದವನಲ್ಲ, ಕೆಳಗಿನ ಹಾಲ್‌ಗೆ ಇಳಿದವನೂ ಅಲ್ಲ. ಹಾಕಿಸಿದ.

ದೊಬ್ರಿವೊಯೆ ಕೆಳಗೆ ಓಡಿದ. ಮಾವನ ಮುಖ ಬೇಯಿಸಿದ ಬೀಟ್‌ರೂಟಾಗಿತ್ತು. ಕಿಟಕಿ, ಬಾಗಿಲು ಎಲ್ಲ ಮುಚ್ಚಿದ್ದವು.

"ಒಂದು ಕಿಟಕಿಯಾದ್ರೂ ತೆಗೀಬಾರ್ದಾ ಮಾವ?"

"ಹುಚ್ಚೇನ್ರೀ ಅಳಿಯಂದ್ರೆ? ಅಡ್ಡಗಾಳಿ! ಒಂದ್ಕಡೆಯಿಂದ ನುಗ್ಗಿ ಇನ್ನೊಂದ್ಕಡೆ ಹೋಗೋ ಗಾಳಿ ಮೈಗೆ ತಾಗಿದ್ರೆ ಮುಗೀತು. ನಮ್ಮಪ್ಪ ಸತ್ತಿದ್ದೇ ಅಡ್ಡಗಾಳಿ ಹೊಡ್ದು."

ಅಷ್ಟರಲ್ಲಿ ಮೆಟ್ಟಿಲ ತುದಿಯಿಂದ ಗ್ವೊಜ್ದೆನ್ ಕೂಗಿದ. "ಉಳಿದ ಎರಡೂ ಸತ್ವು! ನಿಂಗೆ ನಿಜವಾದ ಅಂಕಿ ಬೇಕಲ್ವಾ? ಕೈಯಲ್ಲಿ ಥರ್ಮಾಮೀಟರ್ ಹಿಡ್ಕೊಂಡು ಆರೂ ಕಡೆ ನಿಂತು ನೀನೇ ಕೂಗು. ಮೇಲೆ ಯಾರಾದ್ರೂ ಬರ್ಕೊಳ್ಳಲಿ."

ದೊಬ್ರಿವೊಯೆಗೆ ಸ್ವರ್ಗ ಕಂಡಿತು. ಆರು ನಿಜವಾದ ಅಂಕಿ ಬಿದ್ದರೆ ಸೈರನ್ ಕೂಗಲೇಬೇಕು! "ನಮ್ಮ ಮಾವ ಬರ್ಕೊಳ್ತಾರೆ ಸಾರ್!" ಎಂದು ಮುದುಕನನ್ನು ಮೇಲಕ್ಕೆ ದಬ್ಬಿದ.

ಸ್ವೆತೊಜಾರ್ ಅಳಿಯನ ಕುರ್ಚಿಯಲ್ಲಿ ಕೂತ. ಬೆನ್ನ ಹಿಂದೆ ಫ್ಯಾನು, ಎದುರಿಗೆ ಹಾಲ್ ಕಡೆಗೆ ತೆರೆದ ಕಿಟಕಿ. ಕುತ್ತಿಗೆಯ ಮೇಲೆ ಗಾಳಿ ಸುಳಿದದ್ದೇ ತಡ, ಹಾವು ಮುಟ್ಟಿದವನಂತೆ ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದ.

ಗಾಜಿನಾಚೆ ಅಳಿಯ ಬಲೆಗೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. ಒಂದು ಅಂಕಿಯೂ ಕೇಳಲಿಲ್ಲ. ಆರೂ ಸೆಲ್ ಖಾಲಿ ಉಳಿದವು. ಫಾರ್ಮುಲಾ ತಾನಾಗಿ ಸೊನ್ನೆ ತುಂಬಿಕೊಂಡಿತು.

"ಸೊನ್ನೆ ಡಿಗ್ರಿ!" ಗ್ವೊಜ್ದೆನ್ ಹೌಹಾರಿದ. "ಇನ್ನೊಂದು ಹೀಟರ್ ಹಾಕ್ರೋ! ದೆಸಾಂಕಾ, ಪಾಪ ಆ ದೊಬ್ರಿವೊಯೆಗೊಂದು ಕಂಬಳಿ ಕೊಟ್ಟು ಬಾ."

ಕಂಬಳಿ ಉಪಯೋಗಕ್ಕೆ ಬಂತು. ನಾಲ್ವರು ಕೆಲಸಗಾರರು ಅದರ ನಾಲ್ಕು ಮೂಲೆ ಹಿಡಿದು, ಸೆಕೆಗೆ ಕುಸಿದು ಬಿದ್ದಿದ್ದ ದೊಬ್ರಿವೊಯೆಯನ್ನು ಹೊತ್ತು ತಂದು, ಹೊರಗೆ ಹೋಗುವ ದೊಡ್ಡ ಬಾಗಿಲನ್ನು ಕಾಲಿನಿಂದ ತಳ್ಳಿ ತೆರೆದರು. "ನಲವತ್ತೊಂಬತ್ತು..." ಎಂದು ಅವನ ತುಟಿ ಅಲುಗುತ್ತಿತ್ತು. ಹೊರಗಿನ ಗಾಳಿ ಮುಖಕ್ಕೆ ಬಡಿದು ಅವನು ಅರೆಗಣ್ಣು ತೆರೆದ.

ಸ್ವೆತೊಜಾರ್ ದಡದಡ ಮೆಟ್ಟಿಲಿಳಿದು ಬಂದು ಎದೆ ಬಡಿದುಕೊಂಡ.

"ಬಡ್ಕೊಂಡೆ, ಕೇಳ್ಲಿಲ್ಲ! ಅಡ್ಡಗಾಳಿ ಹೊಡೆದಿದೆ ಕಣ್ರೋ! ಬಾಗಿಲು ಮುಚ್ರೋ ಮೊದ್ಲು!"

ಮುಚ್ಚಿದರು. ದೊಬ್ರಿವೊಯೆ ಇನ್ನೂ ಒಳಗಿದ್ದ.