ಬೀಗರು ಕಾರು ತೊಳೆದದ್ದು

ಯಾರ ಕೈಗೆ ಬೇಕಾದರೂ ನೀರಿನ ಪೈಪು ಕೊಡಿ, ನಮ್ಮ ಬೀಗರ ಕೈಗೆ ಮಾತ್ರ ಕೊಡಬೇಡಿ. ನಾನು ಓದಿದ್ದು ಕಡಿಮೆ, ಬರೆದದ್ದು ಉದ್ದವಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೊಮ್ಮಗಳು ಹುಟ್ಟಿದ್ದಾಳೆ, ಕೈ ನಿಲ್ಲುತ್ತಿಲ್ಲ!

ಅಳಿಯಂದಿರದು ಡಾಟ್‌ಕಾಮ್ ಕಂಪನಿ. ಚಳಿಗಾಲವಿಡೀ ಗೆಳೆಯರ ಗಾಡಿಯಲ್ಲಿ ಹೋಗಿ ಆಫೀಸಿನಲ್ಲೇ ಮಲಗಿದರು. ಈ ಪರದೇಶದ ಬೆರ್ರಿಯೆಸಾ ಬಡಾವಣೆಯ ಅಪಾರ್ಟ್‌ಮೆಂಟಿನ ಮರದಡಿ ನಿಂತ ಅವರ ಕಾರು ಮಳೆ ಕುಡಿದೂ ಕುಡಿದೂ ಪಾಚಿಗಟ್ಟಿತ್ತು. ಬಾಗಿಲು ತೆರೆದರೆ ಬೂಷ್ಟಿನ ವಾಸನೆ. ಸಂಜೆ ಮಗಳು, ಕೂಸು ಆಸ್ಪತ್ರೆಯಿಂದ ಅದರಲ್ಲೇ ಮನೆಗೆ ಬರಬೇಕು!

ಹುಬ್ಬಳ್ಳಿಯಲ್ಲಿ ಬಸ್ಸು ಓಡಿಸಿ ನಿವೃತ್ತರಾದ ಬೀಗರು, ಅಂದರೆ ಅಳಿಯನ ತಂದೆ, ಪಂಚೆ ಮೇಲೆತ್ತಿ ಕಟ್ಟಿದರು.

"ನೀವು ಅಡಗಿ ನೋಡ್ರಿ ಅಕ್ಕಾರ. ಗಾಡಿ ನನಗ ಬಿಡ್ರಿ."

ಬಿಟ್ಟೆ. ಸಾರಿಗೆ ಒಗ್ಗರಣೆ ಹಾಕಿ ಬಂದು ನೋಡಿದರೆ, ನಾಲ್ಕೂ ಬಾಗಿಲು ತೆಗೆದು ಕಾರಿನೊಳಗೇ ಪೈಪು ಬಿಟ್ಟಿದ್ದಾರೆ. ಡಿಪೋದಲ್ಲಿ ಬಸ್ಸು ತೊಳೆಯುವುದೇ ಹಾಗಂತೆ: ಹಿಂದೆ ಹೊಡೆದ ನೀರು ಮುಂದಿನ ಬಾಗಿಲಿಂದ ಇಳಿದುಹೋಗಬೇಕು. ಬಸ್ಸಿಗೆ ತಗಡಿನ ನೆಲ. ಕಾರಿಗೆ ಕಾರ್ಪೆಟ್ಟು. ನೀರು ಎಲ್ಲಿಗೆ ಹೋಗಬೇಕು? ಹಾಯಾಗಿ ಅಲ್ಲೇ ಕೂತಿತ್ತು.

ಕಾರು ಒಯ್ಯಲು ಬಂದ ಅಳಿಯಂದಿರು ತಲೆ ಹಿಡಿದುಕೊಂಡರು.

"ಅಪ್ಪಾ, ಕಾರಿನೊಳಗ ಯಾರರ ಪೈಪ್ ಬಿಡ್ತಾರೇನು?"

"ಸರ್ವೀಸ್ ಪೂರ್ತಿ ಬಿಟ್ಟೇನಿ. ಒಬ್ಬ ಪ್ಯಾಸೆಂಜರೂ ತಕರಾರು ಮಾಡಿಲ್ಲ."

"ಇವತ್ತಿನ ಪ್ಯಾಸೆಂಜರ್ ಹುಟ್ಟಿ ಎರಡು ದಿನಾ ಆಗೇತಿ, ಅಪ್ಪಾ."

ಬೀಗರ ಮುಖ ಸಣ್ಣದಾಯಿತು. ಸೊಸೆಯ ಹೇರ್ ಡ್ರೈಯರ್ ತಂದು, ಹಿಂದಿನ ಸೀಟಿನ ನಡುವೆ ಕೂಸನ್ನು ಕೂರಿಸುವ ಜಾಗ ಒಣಗಿಸಿದರು. ಆಮೇಲೆ ಪಕ್ಕದ ಬಾಣಂತಿಯ ಜಾಗ. ಅಷ್ಟರಲ್ಲಿ ಹೊತ್ತು ಮುಗಿಯಿತು, ಉಳಿದ ಸೀಟುಗಳು ಒದ್ದೆಯಾಗೇ ಉಳಿದವು. ಕೊನೆಗೆ ಸಾಂಬ್ರಾಣಿ. ಎರೆದ ಕೂಸಿಗೆ ಹೊಗೆ ಹಿಡಿಯುತ್ತೇವಲ್ಲ, ಹಾಗೇ ಕಾರಿಗೆ ಹಿಡಿದರು! ಹೊಗೆ ಕಂಡು ಬೆಂಕಿಯೆಂದುಕೊಂಡ ಪಕ್ಕದ ಮನೆಯಾಕೆ ಬಕೆಟ್ಟು ನೀರು ಹಿಡಿದು ಓಡಿಬಂದಳು. ನಮಗೆ ಇನ್ನೂ ನೀರು ಬೇಕಿತ್ತೆ?

ಮೂವರೂ ಹೋಗಿ ತಾಯಿ-ಮಗುವನ್ನು ಕರೆದುಕೊಂಡು ಆಸ್ಪತ್ರೆಯಿಂದ ಹೊರಟಾಗ ಮುಂದಿನ ಸೀಟುಗಳಿಗೆ, ನನಗೂ ಅಳಿಯನಿಗೂ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಕೊಟ್ಟರು. ತಾವು ಕೂಸಿನ ಪಕ್ಕ ಒದ್ದೆ ಸೀಟಿನ ಮೇಲೆ ಹಾಗೇ ಕೂತರು.

"ಬೀಗರೇ, ನೀವೂ ಒಂದು ಹಾಳೆ ಹಾಸ್ಕೊಳ್ಳಿ," ಎಂದೆ.

"ಸಪ್ಪಳ ಮಾಡತೈತ್ರಿ ಅಕ್ಕಾರ," ಎಂದು ಪಿಸುಗುಟ್ಟಿದರು. "ಕೂಸು ಎದ್ದೀತು."

ಮನೆ ಮುಟ್ಟುವವರೆಗೂ ಚಳಿಗೆ ನಡುಗುತ್ತಿದ್ದರು, ಕೂಸಿನ ಸೀಟಿಗೆ ಮೈ ತಗಲದ ಹಾಗೆ.