ಬೀಗರನ್ನು ಹಿಂದೆ ಹಾಕಬಾರದ ರೇಸು

ತಲೆಯ ಮೇಲೆ ಇಡೀ ಗಂಗೆಯನ್ನು ಹೊತ್ತೂ ಅಲುಗಾಡದೆ ಕೂತಿರುವ ಕಳಸದ ಈಶ್ವರನಿಗೆ ಮೊದಲು ಅಡ್ಡಬಿದ್ದು ಇದನ್ನು ಶುರುಮಾಡುತ್ತೇನೆ. ಒಂದು ಹೆಲ್ಮೆಟ್ ಹೊತ್ತು ನೆಟ್ಟಗೆ ಕೂರಲಾರದ ನನ್ನನ್ನು ಕಾಪಾಡಿದವನು ಅವನೇ.

ನನ್ನದು ಮೂಡಿಗೆರೆಯಲ್ಲಿ ಪೂಜಾ ಸಾಮಾನಿನ ಸಣ್ಣ ಅಂಗಡಿ. ವಿಭೂತಿ, ಕರ್ಪೂರ, ಊದುಬತ್ತಿ ಕಟ್ಟಿಕೊಂಡು ಹಳೇ ಮೋಟಾರ್ ಸೈಕಲ್ಲಿನಲ್ಲಿ ಎಸ್ಟೇಟುಗಳಿಗೆ ಹೋಗಿ ಕೊಟ್ಟು ಬರುತ್ತೇನೆ. ಇಂಥ ಸಾತ್ವಿಕ ವ್ಯಾಪಾರದವನು ನಗೆಪಾಟಲಾಗಬಾರದು. ಆದರೆ ನಾನು ಎಲ್ಲಿ ಸುಮ್ಮನೆ ನಿಂತಿರುತ್ತೇನೋ ಅಲ್ಲಿಗೇ ವಿಳಾಸ ಕೇಳಿಕೊಂಡು ಬಂದಹಾಗೆ ಏನಾದರೊಂದು ಬರುತ್ತದೆ. ಮಗಳ ಮದುವೆ ಗೊತ್ತಾದ ವರ್ಷವಂತೂ ಸಾಲುಸಾಲಾಗಿ ಬಂದವು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು.

ಆಗಲಿ

ನಿಶ್ಚಿತಾರ್ಥದ ದಿನ ಹೆಣ್ಣಿನ ತಂದೆಯ ಬಾಯಲ್ಲಿ ಇರುವುದು ಒಂದೇ ಮಾತು. ಗಂಡಿನ ತಂದೆ, ಅಂದರೆ ನಮ್ಮ ಬೀಗರು, ಆಲ್ದೂರಿನ ಕಾಫಿ ಬೆಳೆಗಾರರು. ಐವತ್ತು ದಾಟಿದ್ದರೂ ಮೋಟಾರ್ ಸೈಕಲ್ ಅಂದರೆ ಪ್ರಾಣ. ಊಟಕ್ಕೆ ಕೂತಾಗ ಶುರುಮಾಡಿದರು.

"ಬೀಗ್ರೇ, ಮದುವೆ ಶ್ರಾವಣದಲ್ಲೇ ಮಾಡಿಬಿಡುವಾ?"

"ಆಗಲಿ."

"ನಮ್ಮ ಕಡೆ ಜನ ಸ್ವಲ್ಪ ಜಾಸ್ತಿ."

"ಆಗಲಿ."

"ಆಷಾಢದಲ್ಲಿ ಚಿಕ್ಕಮಗಳೂರಲ್ಲಿ ಒಂದು ಇಂಡೋರ್ ಡರ್ಟ್ ರೇಸ್ ಇಟ್ಟಿದಾರೆ. ಐವತ್ತು ದಾಟಿದವರಿಗೂ ಒಂದು ಓಟ ಉಂಟು. ನಾನು ಹೆಸರು ಕೊಟ್ಟಿದೀನಿ. ನಿಮ್ಮದೂ ಕೊಡ್ಲಾ?"

ನನ್ನ ಬಾಯಿ ಅಭ್ಯಾಸಬಲದಿಂದ "ಆಗಲಿ" ಅಂದುಬಿಟ್ಟಿತು. ಡರ್ಟ್ ಅನ್ನುವುದು ಸರಿಯಾಗಿ ಕೇಳಿಸಿರಲಿಲ್ಲ, ಇಂಡೋರ್ ಅನ್ನುವುದು ಕೇಳಿಸಿತ್ತು.

ರಾತ್ರಿ ಹೆಂಡತಿ ಕೇಳಿದಳು, "ಏನೇನು ಒಪ್ಪಿಕೊಂಡ್ರಿ?"

"ಜನ ಜಾಸ್ತಿ ಬರ್ತಾರಂತೆ. ಮತ್ತೆ ಆಷಾಢದಲ್ಲಿ ನಾನೂ ಬೀಗರೂ ಕೇರಂ ಆಡ್ತೀವಿ" ಅಂದೆ.

ಹಾರ್ನ್ ಬಿಚ್ಚಬೇಡಿ

ಅದು ಕೇರಂ ಅಲ್ಲ, ಕೆಸರಿನಲ್ಲಿ ಮೋಟಾರ್ ಸೈಕಲ್ ಓಡಿಸುವ ಪಂದ್ಯ ಅಂತ ತಿಳಿಸಿಕೊಟ್ಟವರು ನಮ್ಮ ಮೆಕ್ಯಾನಿಕ್ಕು. ಬೀಗರೇ ಅವರಿಗೆ ಫೋನ್ ಮಾಡಿ ನನ್ನ ಗಾಡಿ ತಯಾರು ಮಾಡಲು ಹೇಳಿದ್ದರಂತೆ. ನಾನು ಹೋಗಿ ನೋಡುವಷ್ಟರಲ್ಲಿ ಕನ್ನಡಿ, ಕ್ಯಾರಿಯರ್, ಹಿಂದಿನ ಮಡ್‌ಗಾರ್ಡ್ ಎಲ್ಲ ಬಿಚ್ಚಿ ನೆಲದ ಮೇಲಿಟ್ಟಿದ್ದರು. ಗಾಡಿ ಕೇಶಮುಂಡನ ಮಾಡಿಸಿಕೊಂಡಹಾಗೆ ಕಾಣುತ್ತಿತ್ತು. ಹಾರ್ನಿಗೆ ಕೈ ಹಾಕಿದಾಗ ಮಾತ್ರ ನಾನು ಅಡ್ಡ ನಿಂತೆ.

ಕೊಟ್ಟಿಗೆಹಾರದ ಕಡೆ ಮಂಜು ಇಳಿದರೆ ಮುಂದಿನ ಗಾಡಿಯ ಹಾರ್ನ್ ಕೇಳಿಕೊಂಡೇ ಹಿಂದಿನವರು ದಾರಿ ಹಿಡಿಯಬೇಕು. ಅದಕ್ಕೇ ಲಾರಿಯದೊಂದು ಹಾರ್ನ್ ಹಾಕಿಸಿದ್ದೆ. ತಿರುವು ಬಂದರೆ ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಅದನ್ನು ಒತ್ತುತ್ತದೆ.

"ರೇಸಲ್ಲಿ ಎದುರಿಂದ ಬಸ್ ಬರೋದಿಲ್ಲ ಮಾರಾಯ್ರೆ" ಅಂದರು ಮೆಕ್ಯಾನಿಕ್ಕು.

"ಬಂದ್ರೆ?" ಅಂದೆ.

ಹಾರ್ನ್ ಉಳಿಯಿತು.

ಮನೆಯಲ್ಲಿ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಎರಡು ಕಟ್ಟಳೆ ಹಾಕಿದಳು. "ರೀ, ಶ್ರಾವಣದಲ್ಲಿ ಮಗಳ ಧಾರೆ. ಧಾರೆ ಎರೆಯೋಕೆ ನಿಮ್ಮ ಎರಡೂ ಕೈ ನಂಗೆ ಸರಿಯಾಗಿ ಬೇಕು. ಪಟ್ಟಿ ಕಟ್ಟಿದ ಕೈಯಲ್ಲಿ ಹೆಣ್ಣು ಕೊಟ್ರು ಅಂತ ಜನ ಆಡಬಾರದು. ಇನ್ನೊಂದು, ಬೀಗರನ್ನ ಹಿಂದೆ ಹಾಕಕೂಡದು. ಹೆಣ್ಣಿನ ಕಡೆಯವರು ನಾವು. ಗಂಡಿನ ತಂದೇನ ನಾಲ್ಕು ಜನರ ಮುಂದೆ ಸೋಲಿಸಿದ್ರೆ ನಾಳೆ ಮಗಳು ಆ ಮನೇಲಿ ಹೇಗೆ ತಲೆ ಎತ್ತೋದು?"

ಎರಡೂ ಸತ್ಯವಾದ ಮಾತು. ದೇವರ ಮುಂದೆ ನಿಂತು ಹಾಗೇ ಬೇಡಿಕೊಂಡೆ. ಹೊರಡುವಾಗ ಅವಳು ಬಾಗಿಲಿಗೆ ಬಂದಳು.

"ಬರ್ತಾ ಒಂದು ಚೀಲ ತೆಂಗಿನಕಾಯಿ ತನ್ನಿ."

"ಕ್ಯಾರಿಯರ್ ಬಿಚ್ಚಿದಾರಲ್ಲೇ."

"ಕಾಯಿ ತರೋಕಾಗದ ಗಾಡೀಲಿ ಅಷ್ಟು ಜೋರಾಗಿ ಎಲ್ಲಿಗೆ ಹೋಗ್ತೀರಿ?"



ಶಿವನ ಟೀಮು

ರೇಸು ಇಟ್ಟದ್ದು ಹಳೇ ಕಾಫಿ ಕ್ಯೂರಿಂಗ್ ವರ್ಕ್ಸಿನ ಖಾಲಿ ಗೋದಾಮಿನಲ್ಲಿ. ಹೊರಗೆ ಆಷಾಢದ ಮಳೆ. ಜಿಲ್ಲೆಯ ತುಂಬ ಕೆಸರು ಪುಕ್ಕಟೆ ಬಿದ್ದಿದೆ. ಇವರು ಅದನ್ನು ಬಿಟ್ಟು ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಒಳಗೆ ಸುರಿದು, ದಿಬ್ಬ ಕಟ್ಟಿ, ಪೈಪು ಹಿಡಿದು ನೀರು ಬಿಟ್ಟು, ಹೊಸದಾಗಿ ಕೆಸರು ಮಾಡುತ್ತಿದ್ದರು. ಹಿಂದೆ ಅಲ್ಲೇ ಕಾಫಿ ಬೀಜ ಆರಿಸುತ್ತಿದ್ದ ಅಜ್ಜಿಯೊಬ್ಬರು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು: "ಕಾಲಿಗೆ ಚೂರು ಮಣ್ಣಿದ್ರೆ ಆ ಮೇಸ್ತ್ರಿ ನಮ್ಮನ್ನ ಒಳಗೇ ಬಿಡ್ತಿರ್ಲಿಲ್ಲ. ಈಗ ನೋಡು, ಲೋಡುಗಟ್ಲೆ!"

ಹೆಲ್ಮೆಟ್ ಹಾಕಿದೊಡನೆ ನನ್ನ ಹಣೆಯ ವಿಭೂತಿ ಪೂರ್ತಿ ಅಳಿಸಿಹೋಯಿತು. ಬರಿ ಹಣೆಯಲ್ಲಿ ನಾನು ಹಾಸಿಗೆಯಿಂದಲೂ ಏಳುವವನಲ್ಲ. ಜೇಬಿನ ವಿಭೂತಿ ಗಟ್ಟಿಯನ್ನು ಒದ್ದೆ ಮಾಡಿ ಹೆಲ್ಮೆಟ್ಟಿನ ಮೇಲೆಯೇ ಮೂರು ಪಟ್ಟೆ ಎಳೆದುಕೊಂಡೆ.

ಪಕ್ಕದಲ್ಲಿದ್ದವರು ಸಂಸೆಯ ಜೀಪ್ ಡ್ರೈವರು, ದಪ್ಪ ಆಸಾಮಿ. ನೋಡಿ ಕೇಳಿದರು, "ಯಾವ ಟೀಮು ನಿಮ್ದು?"

"ಶಿವನ ಟೀಮು."

"ಸೇರಿಸ್ಕೊಳ್ತಾರಾ?"

"ಯಾರನ್ನೂ ಬಿಡೋದಿಲ್ಲ" ಅಂತ ಅವರಿಗೂ ಮೂರು ಪಟ್ಟೆ ಎಳೆದೆ. ಬೀಗರು ತಾವೇ ಬಂದು ತಲೆ ಬಗ್ಗಿಸಿದರು. ಇಂಜಿನ್ನು ಶುರುವಾಗುವ ಹೊತ್ತಿಗೆ ಸಾಲಿನಲ್ಲಿದ್ದ ಆರೂ ಹೆಲ್ಮೆಟ್ಟುಗಳ ಮೇಲೆ ತ್ರಿಪುಂಡ್ರ. ಮೈಕಿನವರು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿ ಹೇಳಿದರು: "ಮಹಾಜನರೇ, ಈಗ ಮಠದವರ ರೇಸು!"

ಎರಡೂ ಕೈ

ನಮಗೆಲ್ಲ ಮೊದಲೇ ಒಂದು ಸೂಚನೆ ಕೊಟ್ಟಿದ್ದರು: ತೊಂದರೆಯಾದರೆ ಕೈ ಎತ್ತಿ, ಸ್ಟ್ರೆಚರಿನವರು ಓಡಿ ಬರುತ್ತಾರೆ.

ಗೋದಾಮಿನ ಒಂದು ಕಂಬಕ್ಕೆ, ಕ್ಯೂರಿಂಗ್ ಕಾಲದ್ದೇ ಇರಬೇಕು, ಗಣಪತಿಯ ಪಟ ತೂಗುಹಾಕಿತ್ತು. ವಿಘ್ನನಿವಾರಕ ಎದುರಿಗೇ ಕೂತಿರುವಾಗ ನಮಸ್ಕಾರ ಮಾಡದೆ ಮುಂದೆ ಹೋಗಲು ಮನಸ್ಸು ಬರುತ್ತದೆಯೇ? ಮೊದಲ ಸುತ್ತಿನಲ್ಲಿ ಬಲಗೈ ಎತ್ತಿ ಹಣೆಗೆ ಮುಟ್ಟಿಸಿದೆ. ಇಬ್ಬರು ಸ್ಟ್ರೆಚರ್ ಹಿಡಿದು ಕೆಸರಿನಲ್ಲಿ ಬಿದ್ದೆವೋ ಎದ್ದೆವೋ ಅಂತ ಓಡಿ ಬಂದರು. ನಾನು ಆಗಲೇ ಮುಂದೆ ಹೋಗಿಯಾಗಿತ್ತು. ಎರಡನೇ ಸುತ್ತಿನಲ್ಲೂ ಕೈ ಎತ್ತಿದೆ, ಅವರೂ ಓಡಿ ಬಂದರು. ಮೂರನೇ ಸುತ್ತಿಗೆ ಅವರು ಓಡುವುದನ್ನೇ ಬಿಟ್ಟು ಪಟದ ಕೆಳಗೆ ಸ್ಟ್ರೆಚರ್ ಹಾಸಿಕೊಂಡು ಕೂತಿದ್ದರು. ನಾನು ಹಾದುಹೋಗುವಾಗ ಒಬ್ಬ ಕೂಗಿದ:

"ಸ್ವಾಮೀ, ಮುಗಿಯೋದಾದ್ರೆ ಎರಡೂ ಕೈ ಎತ್ತಿ ಮುಗೀರಿ! ಆಗ ನಮಗೂ ಕೆಲಸ ಆಗುತ್ತೆ, ಕಾದು ಕೂತಿದ್ದು ಸಾರ್ಥಕ!"

ಅಪ್ಪಣೆ

ಬೀಗರು ಕೆಂಪು ಅಂಗಿ ಹಾಕಿದ್ದರು. ಕೆಂಪು ನೋಡಿಕೊಂಡು ಹಿಂದೆ ಹಿಂದೆ ಹೋದರಾಯಿತು ಅಂತ ನನ್ನ ಲೆಕ್ಕ. ಆದರೆ ಮೊದಲ ತಿರುವು ದಾಟುವಷ್ಟರಲ್ಲೇ ಎಲ್ಲರ ಅಂಗಿಯೂ ಡಿಕಾಕ್ಷನ್ ಬಣ್ಣ. ಹೆಲ್ಮೆಟ್ ನೋಡೋಣವೆಂದರೆ ಎಲ್ಲದರ ಮೇಲೂ ನಾನೇ ಎಳೆದ ಪಟ್ಟೆ. ಕೊನೆಗೆ ಬೀಗರ ಹಾಗೆಯೇ ದಪ್ಪನೆಯ ಒಂದು ಬೆನ್ನು ಮುಂದೆ ಕಂಡಿತು. ಸದ್ಯ, ಸಿಕ್ಕಿದರಲ್ಲ ಅಂತ ಅದನ್ನೇ ಭಕ್ತಿಯಿಂದ ಹಿಂಬಾಲಿಸಿದೆ.

ಆ ಬೆನ್ನು ನಿಧಾನವಾದರೆ ನಾನೂ ನಿಧಾನ. ಅದು ದಿಬ್ಬದಲ್ಲಿ ಸಿಕ್ಕಿಕೊಂಡರೆ ನಾನು ಕೆಳಗೆ ಕಾದು ನಿಲ್ಲುವುದು. ತಿರುವು ಬಂದಾಗಲೆಲ್ಲ ಹೆಬ್ಬೆರಳು ಹಾರ್ನ್ ಒತ್ತುತ್ತಲೇ ಇತ್ತು. ಗೋದಾಮಿನ ತಗಡು ಗಡಗಡ ಅನ್ನುತ್ತಿತ್ತು. ಕೊನೆಯ ಸುತ್ತಿನಲ್ಲಿ ಅಂತಿಮ ಗೆರೆಯ ಹಿಂದಿನ ಏರಿನಲ್ಲಿ ಪೂರ್ತಿ ನಿಂತು, ಬೀಗರು ಮರ್ಯಾದೆಯಿಂದ ಗೆರೆ ದಾಟಲಿ ಅಂತ ಬಿಟ್ಟುಕೊಟ್ಟೆ.

ಅವರು ದಾಟಿ ಹೆಲ್ಮೆಟ್ ತೆಗೆದರು. ತಲೆತುಂಬ ಕಪ್ಪು ಗುಂಗುರು ಕೂದಲು. ನಮ್ಮ ಬೀಗರದ್ದು ಬೋಳು ತಲೆ! ಇಷ್ಟೂ ಹೊತ್ತು ನಾನು ಮರ್ಯಾದೆ ಕೊಟ್ಟದ್ದು ಸಂಸೆಯ ಜೀಪ್ ಡ್ರೈವರಿಗೆ.

ಹಾಗಾದರೆ ಬೀಗರೆಲ್ಲಿ? ಅಷ್ಟರಲ್ಲಿ ನನ್ನ ಹಿಂದಿನ ಚಕ್ರಕ್ಕೆ ಇನ್ನೊಂದು ಗಾಡಿ ಮೆತ್ತಗೆ ಬಂದು ತಾಗಿ ನಿಂತಿತು. ಕೆಸರಿನ ಮೂರ್ತಿಯೊಂದು ಕೂಗಿತು:

"ಯಾಕ್ರೀ ಬೀಗ್ರೇ ನಿಲ್ಸಿದ್ರಿ? ಹಾರ್ನ್ ಹೊಡೀರಿ, ನಂಗೆ ಏನೂ ಕಾಣ್ತಾ ಇಲ್ಲ! ನಿಮ್ಮ ಚಕ್ರದ ಕೆಸರೆಲ್ಲ ನನ್ನ ಕನ್ನಡಕದ ಮೇಲೇ ಇದೆ. ಮೊದಲನೇ ಸುತ್ತಿಂದ ಮಂಜಲ್ಲಿ ಬಂದಹಾಗೆ ನಿಮ್ಮ ಹಾರ್ನ್ ಹಿಡ್ಕೊಂಡೇ ಬರ್ತಾ ಇದೀನಿ ಮಾರಾಯ್ರೆ!"

ಬೀಗರನ್ನು ಹಿಂದೆ ಹಾಕಿದ್ದಷ್ಟೇ ಅಲ್ಲ, ರೇಸಿನುದ್ದಕ್ಕೂ ಅವರ ಮುಖಕ್ಕೆ ಕೆಸರೂ ಎರಚಿದ್ದೇನೆ! ಹೆಂಡತಿಯ ಮುಖ ಕಣ್ಣೆದುರು ಬಂತು. ಶ್ರಾವಣ ದೂರವಾದಹಾಗೆ ಕಂಡಿತು.

ಆದರೆ ಈಶ್ವರ ಇನ್ನೂ ಹತ್ತು ಮಾರು ದಾರಿ ಉಳಿಸಿದ್ದ. ಗಾಡಿ ಬದಿಗೆ ಸರಿಸಿ ಕೈಮುಗಿದೆ. "ಬೀಗ್ರೇ, ತಾವು ಮುಂದೆ ಹೋಗಬೇಕು."

"ಗೆರೆ ಎಲ್ಲಿದೆ ಅಂತಾನೇ ಗೊತ್ತಿಲ್ವಲ್ರೀ!"

"ನೇರ ಹೋಗಿ. ಹಿಂದಿಂದ ನಾನು ಹಾರ್ನ್ ಹೊಡೀತೀನಿ, ಧೈರ್ಯವಾಗಿ ಹೋಗಿ."

ಅವರು ಏರು ಹತ್ತಿ ಇಳಿಜಾರಿಗೆ ಬಿಟ್ಟರು. ನಾನೂ ಹಿಂದೆಯೇ ಬಿಟ್ಟು, ಪ್ರೀತಿಯಿಂದ ಉದ್ದಕ್ಕೆ ಒಂದು ಹಾರ್ನ್ ಹೊಡೆದೆ.

ಘಾಟಿಯಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿದವರು ಅವರು. ಹಿಂದಿನಿಂದ ಲಾರಿ ಹಾರ್ನ್ ಕೇಳಿದರೆ ಏನು ಮಾಡುತ್ತಾರೆ? ಗೆರೆಗೆ ಇನ್ನೊಂದೇ ಮಾರು ಉಳಿದಿರುವಾಗ ಸರಕ್ಕನೆ ಎಡಕ್ಕೆ ತೆಗೆದು ನಿಲ್ಲಿಸಿ, ಕೈ ಬೀಸಿ, "ಹೋಗಿ, ಹೋಗಿ" ಅಂದುಬಿಟ್ಟರು! ಇಳಿಜಾರು, ಕೆಸರು, ನನ್ನ ಬ್ರೇಕು ಹಿಡಿಯಲೇ ಇಲ್ಲ. "ಬೇಡಿ ಬೀಗ್ರೇ, ಬೇಡಿ" ಅಂತ ಅರಚುತ್ತಲೇ ಅವರನ್ನು ದಾಟಿ ಗೆರೆಯಾಚೆ ಜಾರಿಹೋದೆ. ಆರು ಜನರಲ್ಲಿ ನಾನು ಐದನೆಯವನು, ಬೀಗರು ಆರನೆಯವರು.

ತಲೆ ತಗ್ಗಿಸಿ ಅವರ ಹತ್ತಿರ ಹೋದೆ. ಅವರು ಕನ್ನಡಕ ತೆಗೆದರು. ಕಣ್ಣಿನ ಸುತ್ತ ಮಾತ್ರ ಎರಡು ಬಿಳಿ ವೃತ್ತ. ನನ್ನನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿ, ಮೈಕಿನವರ ಕೈಯಿಂದ ಮೈಕು ಕಿತ್ತುಕೊಂಡರು.

"ನಮ್ಮ ಸೊಸೆ ಇಂಥಾ ಮನೆಯಿಂದ ಬರ್ತಾ ಇದಾಳೆ ನೋಡಿ! ನನ್ನನ್ನ ಸೋಲಿಸೋಕೂ ಹಾರ್ನ್ ಹೊಡೆದು ಅಪ್ಪಣೆ ಕೇಳಿದ್ರು ನಮ್ಮ ಬೀಗ್ರು!"

ಗೋದಾಮು ನಗೆಯಿಂದ ತುಂಬಿತು. ನಾನು ಗಣಪತಿಯ ಪಟದ ಕಡೆ ತಿರುಗಿ, ಈ ಸಲ ಎರಡೂ ಕೈ ಎತ್ತಿ ಮುಗಿದೆ. ಸ್ಟ್ರೆಚರಿನವರು ದಡಕ್ಕನೆ ಎದ್ದು ನಿಂತರು.

ಶ್ರಾವಣದಲ್ಲಿ ಧಾರೆಯಾಯಿತು. ಎರಡೂ ಕೈ ನೆಟ್ಟಗಿದ್ದವು, ಉಗುರಿನ ಸಂದಿಯ ಗೋದಾಮಿನ ಮಣ್ಣು ಮಾತ್ರ ಇನ್ನೂ ಹೋಗಿರಲಿಲ್ಲ. ಪುರೋಹಿತರು ನೀರು ಬಿಡಿ ಅಂದರು. ಮಗಳ ಮುಖ ನೋಡಿ ಕಣ್ಣು ಮಂಜಾಗಿ, ಕೈಯಲ್ಲಿ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ಎದುರಿನಿಂದ ಬೀಗರು ಮೆಲ್ಲಗೆ ಅಂದರು:

"ಬೀಗ್ರೇ, ನಿಮಗೂ ಏನೂ ಕಾಣ್ತಾ ಇಲ್ವಾ? ಹಾರ್ನ್ ಹೊಡೀಲಾ?"

ಅಳು ಬರಬೇಕಾದ ಹೊತ್ತಿನಲ್ಲಿ ನಾನೂ ನಕ್ಕೆ, ಮಗಳೂ ನಕ್ಕಳು, ನೀರು ತಾನಾಗಿ ಬಿತ್ತು.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಆ ಈಶ್ವರ ಒಳ್ಳೆಯದು ಮಾಡಲಿ. ನಿಮ್ಮ ತಿರುವುಗಳಲ್ಲಿ ಎದುರು ಬಸ್ಸು ಬಾರದಿರಲಿ. ಮಂಜು ಕವಿದಾಗ ಮುಂದೆ ಯಾರದಾದರೂ ಹಾರ್ನ್ ಕೇಳಿಸುತ್ತಿರಲಿ. ದೇವರಿಗೆ ಮುಗಿಯುವುದಕ್ಕೆ ಎರಡೂ ಕೈ ಕೊನೆಯವರೆಗೆ ನೆಟ್ಟಗಿರಲಿ.